ಮಂಗಳನ ನೀಲಿ ಸಂಜೆ

ಇಡ್ಲಿ ಪಾತ್ರೆಯನ್ನು ಒಲೆಯ ಮೇಲೇರಿಸಿದ ಮೇಲೆ ಅಡುಗೆಮನೆಯಲ್ಲಿ ಒಂದು ಅಪರೂಪದ ಬಿಡುವು ಹುಟ್ಟುತ್ತದೆ. ಹೆಚ್ಚೆಂದರೆ ಹನ್ನೆರಡು ನಿಮಿಷ. ಚಟ್ನಿಗೆ ಒಗ್ಗರಣೆ ಬಿದ್ದಿದೆ, ಗಂಗೆಯಲ್ಲಿ ಮಿಂದ ಯಾತ್ರಿಕರು ಇನ್ನೂ ಕಾಶಿಯ ಕೇದಾರ ಘಾಟಿನ ಮೆಟ್ಟಿಲೇರುತ್ತಿದ್ದಾರೆ, ಆವಿ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿದೆ. ಈ ಬಿಡುವಿನಲ್ಲಿ ಜಪ ಮಾಡುವವರಿದ್ದಾರೆ, ನೆರೆಮನೆಯ ಸುದ್ದಿ ವಿಚಾರಿಸುವವರಿದ್ದಾರೆ. ನಾನು, ಓದುಗ ಮಿತ್ರರೇ, ಮಂಗಳ ಗ್ರಹಕ್ಕೆ ಹೋಗಿಬರುತ್ತೇನೆ.

ನಮ್ಮದು ಪುರೋಹಿತರ ಮನೆ. ಕರ್ನಾಟಕದಿಂದ ಬರುವವರಿಗೆ ಸಂಕಲ್ಪ, ತರ್ಪಣ, ಗಂಗಾಪೂಜೆ ಮಾಡಿಸುವುದು ನಮ್ಮವರ ಕೆಲಸ. ಅವರಿಗೆ ಹೊಟ್ಟೆತುಂಬ ಬಡಿಸುವುದು ನನ್ನದು. ಧಾರವಾಡದಿಂದ ಸೊಸೆಯಾಗಿ ಬಂದ ನಾನು ಈ ಗಲ್ಲಿಗಳಲ್ಲೇ ತಲೆ ನರೆಸಿಕೊಂಡಿದ್ದೇನೆ. ಮಗಳು ಮೇಘನಾ ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಹೊರಟ ಮಾತು ಅವಳ ಬಾಯಲ್ಲಿ ಹಿಂದಿಯಲ್ಲಿ ಮುಗಿಯುತ್ತದೆ. ಅವಳೇ ಒಂದು ಬೆಳಿಗ್ಗೆ ಫೋನು ಹಿಡಿದು ಬಂದು, "ಅಮ್ಮಾ, ಇದು ನೋಡು, ಮಂಗಲ್ ಕಾ ಫೋಟೋ. ಅಲ್ಲಿರೋ ಗಾಡಿ ತೆಗೆದದ್ದು, ಬಿಲ್ಕುಲ್ ತಾಜಾ," ಎಂದು ತೋರಿಸಿ, ಕಾಲೇಜಿಗೆ ಹೊತ್ತಾಯಿತೆಂದು ಓಡಿಹೋದಳು. ಅವಳು ಅದನ್ನು ಸಂಜೆಗೆ ಮರೆತಳು. ನಾನು ಮರೆಯಲಿಲ್ಲ.

ಚಿತ್ರದಲ್ಲಿ ವಿಶೇಷವೇನೂ ಇರಲಿಲ್ಲ. ಮರಳು, ನಾಲ್ಕಾರು ಕಲ್ಲು, ಮರಳಿನ ಮೇಲೆ ಗಾಲಿಗಳು ಎಳೆದ ಎರಡು ಗೆರೆ. ಮಳೆಗಾಲದ ನೀರಿಳಿದ ಮೇಲೆ ಗಂಗೆಯ ಆಚೆ ದಡದಲ್ಲಿ, ಇಲ್ಲಿಯ ರಾಮನಗರದ ದಿಕ್ಕಿಗೆ ಹರಡಿಕೊಳ್ಳುವ ಮರಳು ಥೇಟು ಹಾಗೇ ಇರುತ್ತದೆ. ಆದರೆ ಆ ಗೆರೆಗಳನ್ನು ಎಳೆದದ್ದು ಒಂದು ಯಂತ್ರ; ಅದು ತಾನೇ ಕತ್ತು ಹೊರಳಿಸಿ, ತಾನು ನಡೆದು ಬಂದ ದಾರಿಯನ್ನು ನೋಡಿ, ನೋಡಿದ್ದನ್ನು ನಮಗೆ ಕಳಿಸಿತ್ತು. ಆರಿಸದ ಅಕ್ಕಿಯ ಹಾಗೆ, ಬಂದದ್ದು ಬಂದಂತೆಯೇ ಆ ಚಿತ್ರಗಳನ್ನು ಜಗತ್ತಿನ ಮುಂದೆ ಸುರಿದಿಡುತ್ತಾರೆಂದೂ, ಕೇದಾರ ಘಾಟಿನ ಈ ಸುಧಾಬಾಯಿಯೂ ಅವನ್ನು ತೆಗೆದು ನೋಡಬಹುದೆಂದೂ ತಿಳಿದ ದಿನ ನನಗಾದ ಹಿಗ್ಗನ್ನು ಹೇಗೆ ಹೇಳಲಿ? ಬದುಕೆಲ್ಲ ಅಕ್ಕಿಯಿಂದ ಕಲ್ಲು ಆರಿಸಿ ಎಸೆದವಳು, ಈಗ ದಿನವೂ ಹೊಸ ಕಲ್ಲು ಬಂತೇ ಎಂದು ಕಾಯತೊಡಗಿದೆ.

ಈ ಹುಚ್ಚಿಗೆ ಜೊತೆಯಾದವರು ಗೋಪಣ್ಣ ಮಾಮಾ, ನಮ್ಮವರ ಸೋದರಮಾವ. ಎರಡು ಗಲ್ಲಿಯಾಚೆ ಅವರ ಮನೆ. ಒಂದು ಕಾಲಕ್ಕೆ ಅಸ್ಸಿ ಘಾಟಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದರು. ಕಾಶಿಗೆ ಬಂದ ದಂಪತಿಗಳು ಗಂಗೆಯ ತಂಬಿಗೆ ಹಿಡಿದು ಅವರ ಮುಂದೆ ಕುಳಿತರೆ ಕಪ್ಪುಬಿಳುಪಿನ ಚಿತ್ರ ತೆಗೆದು, ಅದರ ಮೇಲೆ ಸಣ್ಣ ಕುಂಚದಿಂದ ಬಣ್ಣ ತುಂಬಿ ಕೊಡುತ್ತಿದ್ದರು. ಪ್ರತಿಯೊಂದು ಚಿತ್ರದ ಬೆನ್ನಿಗೂ ಪೆನ್ಸಿಲಿನಲ್ಲಿ ಬರೆದಿಡುವರು: ಸೀರೆ ಹಸಿರು, ಅಂಚು ಕೆಂಪು, ಶಾಲು ಬದನೆ ಬಣ್ಣ. ಬಣ್ಣದ ರೀಲು ಬಂದು ಕುಂಚವನ್ನು ಕಸಿದುಕೊಂಡಿತು; ಫೋನು ಬಂದು ಸ್ಟುಡಿಯೋವನ್ನೇ ಕಸಿದುಕೊಂಡಿತು. ಮಾಮಾ ಬೇಸರಪಟ್ಟುಕೊಂಡವರಲ್ಲ. ಮಧ್ಯಾಹ್ನ ನಮ್ಮಲ್ಲಿಗೆ ಚಹಾಕ್ಕೆ ಬರುವುದು, ಯಾತ್ರಿಕರೊಡನೆ ಊರಿನ ಮಾತಾಡುವುದು, ಇಷ್ಟರಲ್ಲೇ ಸುಖವಾಗಿದ್ದರು.

ಒಂದು ದಿನ ನನ್ನ ಕೈಯಲ್ಲಿದ್ದ ಚಿತ್ರದತ್ತ ಬಗ್ಗಿ, "ಯಾವೂರದು?" ಎಂದರು.

"ಮಂಗಳ, ಮಾಮಾ."

"ಮಂಗಳೂರೇನು? ಸಮುದ್ರ ಎಲ್ಲದ ಮತ್ತ?"

ನಾನು ನಕ್ಕು ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ಹಳೆಯ ಕಳೆ ಮೂಡಿತು. "ಅಲ್ಲವಾ, ಇಷ್ಟು ದೂರ ಹೋಗಿ ಬ್ಲ್ಯಾಕ್ ಅಂಡ್ ವೈಟ್ ತಗೀತಾರ? ಬಣ್ಣ ಯಾರು ಹಚ್ಚವ್ರು?"

ಬಣ್ಣ ಹಚ್ಚುವ ಬಗೆಯೂ ಇತ್ತು. ಕೆಲವು ದೃಶ್ಯಗಳನ್ನು ಆ ಯಂತ್ರ ಮೂರು ಸಲ ತೆಗೆಯುತ್ತದೆ: ಒಮ್ಮೆ ಕೆಂಪು ಗಾಜಿನ ಮೂಲಕ, ಒಮ್ಮೆ ಹಸಿರು, ಒಮ್ಮೆ ನೀಲಿ. ಮೂರೂ ಕಪ್ಪುಬಿಳುಪಾಗಿಯೇ ಬರುತ್ತವೆ. ಅವನ್ನು ಸರಿಯಾದ ಕ್ರಮದಲ್ಲಿ ಒಂದರ ಮೇಲೊಂದು ಕೂಡಿಸಿದರೆ ಅಲ್ಲಿಯ ಬಣ್ಣ ತಾನಾಗಿ ಏಳುತ್ತದೆ; ಆಮೇಲೆ ತುಸು ತಿದ್ದುವುದು ಕಣ್ಣಿಗೆ ಬಿಟ್ಟದ್ದು. ಮೇಘನಾ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಬೇಕಾದುದನ್ನೆಲ್ಲ ಹಾಕಿಕೊಟ್ಟಳು. ಕೂಡಿಸುವುದು ನಾನು, ತಿದ್ದುವುದು ಮಾಮಾ. ಮೊದಲ ಕಲ್ಲಿಗೆ ಬಣ್ಣ ಬಂದ ದಿನ, "ಅರಿಶಿಣದಾಗ ಒಂಚೂರು ಇಟ್ಟಂಗಿ ಪುಡಿ ಕಲಸಿದಂಗ ಆತು ನೋಡು," ಎಂದು ಅವರು ತೊಡೆ ತಟ್ಟಿಕೊಂಡರು. ಇಂಥ ಚಿತ್ರಗಳನ್ನು ಕೂಡಿಸಿ ಹಂಚಿಕೊಳ್ಳುವ ಹವ್ಯಾಸಿಗಳ ಬಳಗವೊಂದು ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ನಮ್ಮ ಚಿತ್ರಗಳನ್ನೂ ಹಾಕತೊಡಗಿದೆವು. ಎಂದೂ ಮುಖ ಕಾಣದವರು, ಹಿಮ ಬೀಳುವ ಯಾವುದೋ ಊರಿನ ಒಬ್ಬ ಶಾಲಾ ಮಾಸ್ತರರು, ನಮ್ಮ ಕಲ್ಲುಗಳನ್ನು ಮೆಚ್ಚಿ ಬರೆಯುತ್ತಿದ್ದರು. ಯಾತ್ರಿಕರು ಗಂಗೆಯನ್ನು ತಂಬಿಗೆಯಲ್ಲಿ ತುಂಬಿ ಬಾಯಿ ಬೆಸೆದು ಊರಿಗೊಯ್ಯುವಂತೆ, ಆ ಯಂತ್ರವೂ ಕಲ್ಲಿನ ಚೂರುಗಳನ್ನು ಕೊಳವೆಯಲ್ಲಿ ಮುಚ್ಚಿಡುತ್ತಿದೆಯಂತೆ, ಎಂದಾದರೂ ಮನೆಗೆ ತಂದಾರೆಂಬ ನಂಬಿಕೆಯಿಂದ. ಇದನ್ನು ನಮ್ಮವರಿಗೆ ಹೇಳಿದಾಗ, "ಅದಕ್ಕೂ ಒಂದು ಸಂಕಲ್ಪ ಮಾಡಿಸ್ಬೇಕಿತ್ತು," ಎಂದು ನಕ್ಕರು.

ಹೀಗೆ ಎರಡು ವರ್ಷ ಕಳೆದ ಮೇಲೆ ಮಂಗಳನ ಸೂರ್ಯಾಸ್ತ ಬಂತು.

ಮೂರು ಚಿತ್ರಗಳನ್ನು ಕೂಡಿಸಿದಾಗ ನನ್ನ ಕೈ ನಿಂತಿತು. ಮಬ್ಬು ಕಂದು ಆಕಾಶ, ಅದರಲ್ಲಿ ಪುಟ್ಟ ಬಿಳಿ ಸೂರ್ಯ. ಸೂರ್ಯನ ಸುತ್ತ ತಿಳಿನೀಲಿಯ ಪ್ರಭೆ. ನಮ್ಮ ಸಂಜೆ ಕೆಂಪಾಗುವ ಜಾಗದಲ್ಲಿ ಅಲ್ಲಿಯ ಸಂಜೆ ನೀಲಿಯಾಗಿತ್ತು.

ಸೂರ್ಯನ ಸುತ್ತ ನೀಲಿ ಅದ ಎಂದರೆ ಮಾಮಾ ಒಪ್ಪಲಿಲ್ಲ. "ಕೆಂಪು ಗಾಜಿಂದು ನೀಲಿಗೆ, ನೀಲಿದು ಕೆಂಪಿಗೆ ಹಾಕೀದಿ. ಅದಲಿ ಬದಲಿ ಮಾಡು."

"ಸರಿಯಾಗೇ ಹಾಕೀನಿ ಮಾಮಾ. ಅಲ್ಲಿಯ ಧೂಳಿಗೆ ಹಂಗ ಕಾಣ್ತದಂತ."

"ನಲವತ್ತು ವರ್ಷ ಬಣ್ಣ ಹಚ್ಚೀನಿ ಸುಧಾ. ಮುಳುಗೋ ಸೂರ್ಯ ನೀಲಿ ಇರ್ತಾನಂದ್ರ ಗಂಗಾಮಾಯಿನೂ ನಗ್ತಾಳ."

ಹಿರಿಯರು, ಬಣ್ಣದ ವಿದ್ಯೆಯಲ್ಲಿ ನನ್ನ ಗುರುಗಳು. ಮನಸ್ಸಿಲ್ಲದ ಮನಸ್ಸಿನಿಂದ ಎರಡನ್ನು ಅದಲುಬದಲು ಮಾಡಿದೆ. ಸೂರ್ಯ ಕೆಂಪಗೆ ಬೆಳಗಿದ. ಇಬ್ಬರ ಹೆಸರಿನಲ್ಲೂ ಬಳಗಕ್ಕೆ ಕಳಿಸಿದೆವು. ಮರುದಿನ ಮಾಸ್ತರರ ಉತ್ತರ ಬಂದಿತ್ತು: ಕೆಂಪು, ನೀಲಿ ಸ್ಥಾನಪಲ್ಲಟವಾದಂತಿದೆ, ಮತ್ತೆ, ಬೇಸರ ಬೇಡ, ಕೆಲವು ತಿಂಗಳಿಂದ ನಿಮ್ಮ ಕಲ್ಲುಗಳೂ ಅತಿಯಾಗಿ ನೀಲಿ ಕಾಣುತ್ತಿವೆ, ಪರದೆಯನ್ನೊಮ್ಮೆ ಪರೀಕ್ಷಿಸಿ.

ಆ ನೀಲಿ ನನಗೂ ಕಂಡಿತ್ತು; ಗುರುಗಳು ತಿದ್ದಿದ್ದೆಂದು ಸುಮ್ಮನಿದ್ದೆ. ಪರದೆಯಲ್ಲಿ ದೋಷವಿರಲಿಲ್ಲ. ಅದು ನನಗೆ ತಿಳಿದದ್ದು ಅದೇ ವಾರ, ಏಕಾದಶಿಯ ಮರುದಿನ. ನಾನು ಗಾಢ ನೀಲಿಯ ಇಳಕಲ್ ಸೀರೆ ಉಟ್ಟು ಬಡಿಸುತ್ತಿದ್ದೆ. ಮಾಮಾ ಎಲೆಯಿಂದ ತಲೆಯೆತ್ತಿ ಮೆಲ್ಲಗೆ, "ಪಾರಣೆ ದಿನ ಕರೀ ಸೀರಿ ಉಟ್ಟೀಯಲ್ಲವಾ," ಎಂದರು. ಊಟ ಮುಗಿದು ಯಾತ್ರಿಕರು ಎದ್ದ ಮೇಲೆ ನಾನು ಹತ್ತಿರ ಕುಳಿತು ಹೇಳಿದೆ: "ಮಾಮಾ, ಈ ಸೀರಿ ಕರೀದಲ್ಲ. ನೀಲಿ."

ಅವರು ಎದ್ದರು. ಕೈತೊಳೆದು, ಚಪ್ಪಲಿ ಮೆಟ್ಟಿ ಹೊರಟುಹೋದರು. ಮರುದಿನ ಚಹಾಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆರನೆಯ ದಿನ ನಾನೇ ಹೋದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಬಣ್ಣವನ್ನೇ ನೆಚ್ಚಿ ಬದುಕಿದವರಿಗೆ, ನಿಮಗೆ ಬಣ್ಣ ಕಾಣುತ್ತಿಲ್ಲ ಎಂದು ಹೇಳುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ಮಾಮಿ ಬಾಗಿಲು ತೆರೆದು, "ಬಾರವಾ, ಮಾತಾಡಸು. ನನ್ನ ಜೋಡಿ ಮಾತಿಲ್ಲ, ಕತಿ ಇಲ್ಲ, ಕುಂಚ ತೊಳಕೋತ ಕೂತಾರ," ಎಂದರು.

ಮಾಮಾ ಕಿಟಕಿಯ ಬೆಳಕಿನಲ್ಲಿ ತಮ್ಮ ಹಳೆಯ ಬಣ್ಣದ ಪೆಟ್ಟಿಗೆ ಬಿಚ್ಚಿಕೊಂಡಿದ್ದರು. ತಲೆಯೆತ್ತದೆ ಹೇಳಿದರು: "ನನಗ ಗೊತ್ತಿತ್ತು ಸುಧಾ. ಡಾಕ್ಟರು ಹೋದ ವರ್ಷನ ಕಣ್ಣಿಗೆ ಪೊರಿ ಬಂದದ ಅಂದಿದ್ರು. ಮಾಮಿಗೂ ಹೇಳಿಲ್ಲ. ಇಷ್ಟು ದಿನ ನೆನಪಿಲೇ ಬಣ್ಣ ಹಚ್ಚೀನಿ."

"ತಗಸ್ಕೊಂಡ್ರ ಆತಲ್ಲ ಮಾಮಾ. ಇವತ್ತು ಹೋಗಿ ಇವತ್ತ ಬರ್ತಾರ ಮಂದಿ."

ಅವರು ಎಡಗಣ್ಣನ್ನು ಬೆರಳಿಂದ ಮುಟ್ಟಿ ತೋರಿಸಿದರು. "ಸಣ್ಣವನಿದ್ದಾಗ ಚಿಣಿದಾಂಡು ಆಡೋವಾಗ ಚಿಣಿ ಬಡದು ಇದು ಹೋತು. ಮಂದಿಗೆ ಎರಡು ಅವ, ನನಗಿರೋದು ಒಂದ. ಅದರಾಗೂ ಕೈ ಹಾಕಿ ಏನರೆ ಹೆಚ್ಚುಕಮ್ಮಿ ಆದ್ರ? ಮಸಕಾಗಿದ್ರೂ ಸೂರ್ಯ ಕಾಣ್ತಾನ. ಅಷ್ಟೂ ಹೋದ್ರ?"

ಇಷ್ಟು ವರ್ಷ ಹತ್ತಿರವಿದ್ದೂ ನನಗೆ ಇದು ತಿಳಿದಿರಲಿಲ್ಲ. ಸಾವಿರಾರು ಕೆನ್ನೆಗಳಿಗೆ ನಸುಗೆಂಪು ತುಂಬಿದವರು ಒಂದೇ ಕಣ್ಣಿನಿಂದ ತುಂಬಿದ್ದರು. ಏನೂ ಆಗುವುದಿಲ್ಲವೆಂದು ಭರವಸೆ ಕೊಡಲು ನಾನು ಯಾರು? ಬಾಗಿಲಲ್ಲಿ ನಿಂತಿದ್ದ ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಬಂದು, ಗಂಡನ ಕೈಯಿಂದ ಕುಂಚ ಕಿತ್ತುಕೊಂಡರು. "ಹೋದ್ರ ನಾ ಹೇಳ್ತೀನಿ, ಯಾವುದು ಕೆಂಪು, ಯಾವುದು ಹಸರು ಅಂತ. ನನಗ ಎರಡೂ ಅವ. ವರ್ಷಪೂರ್ತಿ ನೀವೊಬ್ಬರ ಮುಚ್ಚಿಟ್ಕೊಂಡು ಕೂತೀರಲ್ಲ."

ಮಾಮಾ ಹೆಂಡತಿಯ ಮುಖವನ್ನೇ ನೋಡಿದರು. ನಾನು ಅಲ್ಲಿರಬಾರದಿತ್ತು ಎನ್ನಿಸಿತು. ಎದ್ದು ಹೊರಡುವಾಗ ಇಷ್ಟು ಮಾತ್ರ ಹೇಳಿದೆ: "ಸೂರ್ಯಾಸ್ತದ ಮೂರೂ ಫೋಟೋ ಹಂಗ ಇಟ್ಟಿರ್ತೀನಿ ಮಾಮಾ. ನಾನು ಕೂಡಸೂದಿಲ್ಲ. ನೀವ ಬಂದು ಕೂಡಸ್ಬೇಕು."

ಶಸ್ತ್ರಚಿಕಿತ್ಸೆಯ ದಿನ ಮಾಮಿ, ಮೇಘನಾ, ನಾನು, ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆವು. ಅರ್ಧ ಗಂಟೆಯ ಕೆಲಸ ಎಂದಿದ್ದರು. ಆ ಅರ್ಧ ಗಂಟೆ ಎಷ್ಟು ಉದ್ದವಿತ್ತೆಂದರೆ, ಅಷ್ಟು ದೂರದ ಮಣ್ಣಿಗೆ ಯಂತ್ರವನ್ನು ಇಳಿಸಿ, ಅದು ಉಳಿಯಿತೋ ಇಲ್ಲವೋ ಎಂಬ ಸಂಕೇತಕ್ಕಾಗಿ ಉಸಿರು ಬಿಗಿಹಿಡಿದು ಕುಳಿತವರ ಪಾಡು ನನಗೆ ಅಂದು ಅರ್ಥವಾಯಿತು. ಆದರೆ ಅವರಿಗೆ ಯಂತ್ರ ಹೋದರೆ ಇನ್ನೊಂದನ್ನು ಕಟ್ಟುವ ಆಸೆಯಾದರೂ ಇರುತ್ತದೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಮಾಮಾ ರೆಪ್ಪೆ ಬಡಿದರು, ಗೋಡೆ ನೋಡಿದರು, ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಕೊನೆಗೆ ಅವರೇ, "ಈ ಗೋಡಿಗೆ ಯಾವಾಗ ಸುಣ್ಣ ಹಚ್ಚಿದ್ರು? ನಿನ್ನೆ ಹಳದಿ ಇತ್ತಲ್ಲ," ಎಂದರು. ಮೇಘನಾ ನಗಲು ಹೋಗಿ ಅತ್ತುಬಿಟ್ಟಳು. ಮಾಮಿ ಮಾತ್ರ ಗಟ್ಟಿಯಾಗಿಯೇ ಇದ್ದು, "ನನ್ನ ಸೀರಿ ಯಾವ ಬಣ್ಣ ಹೇಳ್ರಿ," ಎಂದರು. "ಆಕಾಶ ನೀಲಿ," ಎಂದರು ಮಾಮಾ, ಸ್ವಲ್ಪ ತಡೆದು, "ಅಂಚಿಗೆ ಎಣ್ಣಿ ಕಲೆ ಅದ." ಆಟೋದಲ್ಲಿ ಬರುವಾಗ ಕಪ್ಪು ಕನ್ನಡಕದ ಸಂದಿನಿಂದ ಅಂಗಡಿಯ ಬೋರ್ಡುಗಳನ್ನೆಲ್ಲ ನೋಡುತ್ತ, "ಬನಾರಸ್ ಇಷ್ಟು ನೀಲಿ ಅದ ಅಂತ ಯಾರೂ ಹೇಳಿರ್ಲಿಲ್ಲಲ್ಲ," ಎಂದು ಮೂರು ಸಲ ಅಂದರು.

ಡಾಕ್ಟರು ಹೇಳಿದಷ್ಟು ದಿನ ಅವರನ್ನು ಪರದೆಯ ಹತ್ತಿರ ಬಿಡಲಿಲ್ಲ. ಅವಧಿ ಮುಗಿದ ಮಧ್ಯಾಹ್ನ ಬಂದು, ಚಹಾವನ್ನೂ ಮುಟ್ಟದೆ ಕುಳಿತರು. ಒಂದೊಂದಾಗಿ ಮೂರು ಚಿತ್ರಗಳನ್ನೂ ತಾವೇ ಕೂಡಿಸಿದರು: ಕೆಂಪನ್ನು ಕೆಂಪಿನ ಜಾಗಕ್ಕೆ, ಹಸಿರನ್ನು ಹಸಿರಿಗೆ, ನೀಲಿಯನ್ನು ನೀಲಿಗೆ. ಪುಟ್ಟ ಬಿಳಿ ಸೂರ್ಯ, ಸುತ್ತ ತಿಳಿನೀಲಿ. ಬಹಳ ಹೊತ್ತು ನೋಡಿ, "ಅವತ್ತಿನ ಕೆಂಪು ಕಣ್ಣಿನ ತಪ್ಪಲ್ಲ ಸುಧಾ," ಎಂದರು. "ನೀಲಿ ಅದ ಅಂತ ನೀ ಹೇಳಿದ್ದಿ. ನಾ ಕೇಳಲಿಲ್ಲ. ಬಳಗಕ್ಕ ಹಂಗ ಬರಿ." ಪೊರೆಯ ಸಂಗತಿಯನ್ನೂ ಸೇರಿಸಿ ನಾನು ಬರೆದೆ. ಮೇಘನಾ ಅದನ್ನು ಇಂಗ್ಲಿಷಿನಲ್ಲಿ ತಿದ್ದಿ ಬಳಗಕ್ಕೆ ಕಳಿಸಿದಳು. ಮಾಸ್ತರರು ಉತ್ತರ ಬರೆದಿದ್ದರು: ನನಗೂ ಪೊರೆ ಬಂದಿದೆ, ಹೆದರಿ ಮುಂದೂಡುತ್ತಿದ್ದೆ, ಈಗ ಹೋಗುತ್ತೇನೆ. ಆ ಉತ್ತರವನ್ನು ಮಾಮಾ ನನ್ನಿಂದ ಎರಡು ಸಲ ಓದಿಸಿ ಕೇಳಿದರು.

ಚಳಿಗಾಲದಲ್ಲಿ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ನಮ್ಮ ಊಟದ ಪಡಸಾಲೆಯಲ್ಲಿ ತೂಗುಹಾಕಿದರು. ಮೊನ್ನೆ ಗದಗಿನ ಕಡೆಯಿಂದ ಬಂದ ಒಬ್ಬ ಅಜ್ಜಿ, ಕೈತೊಳೆದು ಬಂದವರು, ಅದರ ಮುಂದೆ ನಿಂತರು.

"ಇದು ಯಾವ ಘಾಟ್‌ರೀ?"

"ಇಲ್ಲಿದಲ್ಲರಿ ಅಜ್ಜಿ," ಎಂದರು ಮಾಮಾ. "ಮಂಗಳ ಗ್ರಹದ ಸಂಜಿ. ಅಲ್ಲಿ ಸೂರ್ಯ ಮುಳುಗೋದು ಹಿಂಗ."

"ಇಷ್ಟ ಸಣ್ಣ ಕಾಣ್ತಾನಲ್ಲ?"

"ದೂರ ಆಗ್ತದರಿ ಅಲ್ಲಿಗೆ."

ಮಾಮಾ ಇನ್ನೂ ಹೇಳುವವರಿದ್ದರು. ಮೂರು ಗಾಜುಗಳ ಕತೆ, ಧೂಳಿನ ಕತೆ, ತಮ್ಮ ಪೊರೆಯ ಕತೆ ಎಲ್ಲವೂ ನಾಲಗೆಯ ತುದಿಗೆ ಬಂದಿದ್ದವು. ಅಜ್ಜಿ ಅದಕ್ಕೆ ಕಾಯಲಿಲ್ಲ. "ಅಷ್ಟು ದೂರನೂ ಹೋಗಿ ಬೆಳಕು ಕೊಟ್ಟು ಬರ್ತಾನಲ್ಲಪ್ಪ," ಎಂದು, ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಆ ಪುಟ್ಟ ಸೂರ್ಯನಿಗೆ ಎರಡೂ ಕೈ ಎತ್ತಿ ಮುಗಿದರು. ಮಾಮಾ ಆ ಕತೆಗಳನ್ನು ಅಲ್ಲಿಗೇ ಬಿಟ್ಟರು. ಅಜ್ಜಿಯ ಪಕ್ಕಕ್ಕೆ ಬಂದು ನಿಂತು, ತಾವೂ ಕೈ ಮುಗಿದರು.