ಕಂಕಣ ಕಟ್ಟಿಕೊಂಡು ಬಿ.ಎ. ಬರೆದವರು

ನಮ್ಮ ಯಜಮಾನರ ಹಣೆಗೆ ಎರಡು ಬಣ್ಣ. ಮಿಲಿಟರಿ ಟೋಪಿ ಕೂರುವ ಗೆರೆಯಿಂದ ಮೇಲೆ ಬಿಳುಪು, ಕೆಳಗೆ ಬಿಸಿಲಿಗೆ ಸುಟ್ಟ ಕಪ್ಪು. ಮದುವೆಯ ದಿನ ಬಾಸಿಂಗ ಬಿಚ್ಚಿದಾಗ ಅದನ್ನು ಕಂಡು ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ನಮಗೆ ಪರಿಚಯವಾದದ್ದು ಹಾಗೆ.

ಬೆಂಗಳೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಗಿ, ಪರೀಕ್ಷೆಗೆ ಕೂರದೆ ಸೈನ್ಯ ಸೇರಿದವರು ಅವರು. ಅಲ್ಲಿ ವೈರ್‌ಲೆಸ್ ಕೆಲಸ. ಆದರೂ ಓದು ಬಿಡಲಿಲ್ಲ. ಕೂತು ಓದಿದರೆ ನಿದ್ದೆ ಬರುತ್ತದೆಂದು ನಡೆದಾಡುತ್ತಲೇ ಓದುವುದು ರೂಢಿ. ರಜೆಗೆ ಬಂದಾಗ ತಮ್ಮೂರು ತಾಯಲೂರಿನ ಮನೆಯಂಗಳದಲ್ಲಿ ಗಟ್ಟಿಯಾಗಿ ಇಂಗ್ಲಿಷ್ ಓದುತ್ತಾ ಕವಾಯತಿನ ಹೆಜ್ಜೆ ಹಾಕಿದರೆ ಕೋಳಿಗಳು ದಾರಿ ಬಿಡುತ್ತಿದ್ದವು. ಬಂದೂಕು ಹಿಡಿಯುವವನಿಗೆ ಈ ಓದೆಲ್ಲ ಯಾಕೆಂದು ನಮ್ಮತ್ತೆ ತೆಲುಗಿನಲ್ಲಿ ಕೇಳುವರು. "ಇಷ್ಟ ಕಣಮ್ಮ" ಎನ್ನುವರು. ಬೇರೆ ಕಾರಣ ಅವರು ಯಾವತ್ತೂ ಕೊಡಲಿಲ್ಲ.

ಆ ಸಲ ಪರೀಕ್ಷೆ ಬರೆಯಲೆಂದೇ ರಜೆ ಪಡೆದು ಬಂದಿದ್ದರು. ಮಗ ಮತ್ತೆ ಯಾವಾಗ ಸಿಗುತ್ತಾನೋ ಎಂದು ಅತ್ತೆ ಅದೇ ರಜೆಯಲ್ಲಿ ಮದುವೆಯನ್ನೂ ಇಟ್ಟುಕೊಂಡರು. ಕಂಕಣ ಬಿಚ್ಚುವ ಶಾಸ್ತ್ರಕ್ಕೆ ಮೊದಲೇ ಪರೀಕ್ಷೆ ಬಂತು. ಕೈಯಲ್ಲಿ ಕಂಕಣವಿರುವ ಮದುಮಗ ಊರು ದಾಟಕೂಡದೆಂದು ನಮ್ಮಪ್ಪ ಪಟ್ಟು ಹಿಡಿದರು. ಈ ಪರೀಕ್ಷೆ ತಪ್ಪಿದರೆ ಮತ್ತೆ ರಜೆ ಸಿಗುವ ಭರವಸೆಯಿಲ್ಲ; ಯಜಮಾನರ ಪಡೆಯನ್ನು ಬರ್ಮಾದ ಕಡೆಗೆ ಕಳಿಸುವ ಸುದ್ದಿಯಿತ್ತು. ಮಾವನಿಗೆ ಎದುರಾಡದೆ ಇವರು ತಲೆ ತಗ್ಗಿಸಿ ನಿಂತರು. ಆ ಮುಖ ನೋಡಲಾರದೆ ನಾನೇ ಬಾಯಿಬಿಟ್ಟೆ.

"ಗಂಡ ಹೆಂಡ್ತಿ ಜೊತೇಲಿದ್ರೆ ಸಾಕಲ್ವೇನಪ್ಪ? ನಾನೂ ಬೆಂಗಳೂರಿಗೆ ಹೋಗ್ತೀನಿ. ವಾಪಸ್ ಬಂದು ಬಿಚ್ಕೊಳ್ತೀವಿ."

ಮೊದಲು ನಕ್ಕವರು ಅತ್ತೆ. ಗಾಡಿ ಹೂಡಿಸಿದವರೂ ಅವರೇ.

ಪರೀಕ್ಷೆಯ ಮೇಲ್ವಿಚಾರಕರು ಕಂಕಣದಲ್ಲಿ ಚೀಟಿ ಇದೆಯೇನೋ ಎಂದು ಅವರ ಕೈ ಹಿಡಿದೆತ್ತಿ ನೋಡಿದರಂತೆ. ಸಿಕ್ಕಿದ್ದು ಅರಿಶಿನದ ಕೊಂಬು. ಮದುಮಗನೆಂದು ತಿಳಿದು, ಹಾಳೆ ಬೇಕಿದ್ದರೆ ಸಂಕೋಚಪಡಬೇಡ ಎಂದು ಬೆನ್ನು ತಟ್ಟಿದರಂತೆ. ನಾನು ಧಾರೆ ಸೀರೆಯಲ್ಲೇ ಹೊರಗೆ ಮರದ ಕೆಳಗೆ ಕೂತಿದ್ದೆ. ಕೊನೆಯ ಪತ್ರಿಕೆ ಮುಗಿಸಿ, ಬೆರಳಿಗೆಲ್ಲ ಶಾಯಿ ಮೆತ್ತಿಕೊಂಡು ಬಂದವರು, "ನಂದು ಮುಗೀತು ಕಣೇ. ಇನ್ನು ನಿಂದು" ಎಂದರು.

ಮಿಡ್ಲ್ ಸ್ಕೂಲಿಗೇ ಬಿಟ್ಟವಳು ನಾನು, ತಮಾಷೆ ಎಂದುಕೊಂಡೆ. ಆದರೆ ಪಡೆಗೆ ಮರಳುವ ದಿನ ಪುಸ್ತಕದ ಪೆಟ್ಟಿಗೆಯ ಬೀಗದ ಕೈಯನ್ನು ಅತ್ತೆಯ ಎದುರಿಗೇ ನನಗೆ ಕೊಟ್ಟರು. ಅವರು ಪಾಸಾದ ಸುದ್ದಿ ಬಂದಾಗ ಅತ್ತೆ ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದರು. ಯುದ್ಧ ಮುಗಿಸಿ ಅವರು ಕ್ಷೇಮವಾಗಿ ಬರುವಷ್ಟರಲ್ಲಿ ನಾನು ಎಸ್ಸೆಸ್ಸೆಲ್ಸಿ ಮಾಡಿಕೊಂಡಿದ್ದೆ. ಅವರು ಪಿಂಚಣಿ ಬರುವವರೆಗೂ ಮಿಲಿಟರಿಯಲ್ಲೇ ಉಳಿದರು. ನಾನು ಮುಳಬಾಗಿಲಿನಲ್ಲಿ ಮೇಡಮ್ ಆದೆ, ಪಾಠ ಮಾಡುತ್ತಲೇ ಮುಂದಕ್ಕೂ ಓದಿದೆ.

ಅವರ ಕೊನೆಯ ದಿನಗಳಲ್ಲಿ, ಆಸ್ಪತ್ರೆಯ ಎಳೆಯ ಡಾಕ್ಟರೊಬ್ಬರು ತಾತ ಎಷ್ಟು ಓದಿದ್ದೀರಿ ಎಂದು ವಿಚಾರಿಸಿದರು. ಅವರು ಎದ್ದು ದಿಂಬಿಗೊರಗಿ ಕೂತು ನನ್ನ ಕಡೆ ಕೈ ತೋರಿಸಿದರು.

"ನಾನು ಬರೀ ಬಿ.ಎ. ಸಾರ್. ಇವರು ಎಂ.ಎ."

ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಅದೊಂದೇ ಸಲ.