ಗಾಜಿನ ಮೇಲಿನ ಕುಂಕುಮ

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲಿರುವುದರಲ್ಲಿ ನನ್ನ ಮಾನ ಹೋಗುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ನಾವು ಶಿರಸಿ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ನನ್ನ ಗಂಡ, ಅತ್ತೆ, ಮಾವ. ಗಂಡನಿಗೆ ಯಲ್ಲಾಪುರದಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಮಾವ ಈ ಕತೆಯಲ್ಲಿ ಬರುವುದಿಲ್ಲ. ಅವರು ಮನೆಯ ಯಾವ ಕತೆಯಲ್ಲೂ ಬರುತ್ತಿರಲಿಲ್ಲ, ಪೇಪರಿನ ಹಿಂದೆ ಇರುತ್ತಿದ್ದರು. ಹಾಗಾಗಿ ಮನೆಯಲ್ಲಿ ಮಾತು ಅಂತ ನಡೆಯುತ್ತಿದ್ದುದು ನನ್ನ ಮತ್ತು ಅತ್ತೆಯ ನಡುವೆ. ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಅದನ್ನು ನಾನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮರೆತೂ ಇರಲಿಲ್ಲ.

ಒಂದು ಭಾನುವಾರದ ಪುರವಣಿಯಲ್ಲಿ ಗಾಜಿನ ತೊಟ್ಟಿಯೊಳಗೆ ಪುಟ್ಟ ಕಾಡು ಬೆಳೆಸುವ ಬಗ್ಗೆ ಓದಿದೆ. ಮೀನಿಲ್ಲ, ಗುಳ್ಳೆ ಬಿಡುವ ಯಂತ್ರವಿಲ್ಲ. ಕಲ್ಲು, ಹಳ್ಳದ ಬಂಡೆಗೆ ಎಳೆಎಳೆಯಾಗಿ ಬೆಳೆಯುವ ಹಾವಸೆ, ನಾಲ್ಕು ಗಿಡ, ಅವುಗಳ ನಡುವೆ ಓಡಾಡುವ ಬೆರಳುಗುರಿನಷ್ಟು ಸಿಗಡಿ. ಸಿಗಡಿ ಪಾಚಿ ತಿನ್ನುತ್ತದೆ, ಅದರ ಹಿಕ್ಕೆ ಗಿಡಕ್ಕೆ ಗೊಬ್ಬರ, ಗಿಡ ಸಿಗಡಿಗೆ ಉಸಿರು ಕೊಡುತ್ತದೆ. ವರ್ಷವಿಡೀ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದುದನ್ನು ಹಜಾರದಲ್ಲೇ ಮಾಡಿ ತೋರಿಸಬಹುದು ಅನ್ನಿಸಿತು. ನಿಜ ಹೇಳಬೇಕೆಂದರೆ ಬಂದವರಿಗೆಲ್ಲ ತೋರಿಸಿ ನಾಲ್ಕು ಮಾತು ಹೇಳುವ ಚಪಲವೂ ಇತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನು ಮಾರುವ ಒಬ್ಬರ ಅಂಗಡಿ ಇತ್ತು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅಂಗಡಿ ತಮ್ಮನಿಗೆ ಬಿಟ್ಟು ವಾರಕ್ಕೆರಡು ಸಲ ಟೆಂಪೋದಲ್ಲಿ ಯಲ್ಲಾಪುರದ ಕಡೆ ಸಾಮಾನು ಹಾಕಲು ಹೋಗುತ್ತಿದ್ದರು. ನಾನು ಪೇಪರಿನ ಚಿತ್ರ ತೋರಿಸಿದೆ. ಸುಮಾರು ಹೊತ್ತು ನೋಡಿದರು.

"ಇದೆಲ್ಲ ದೊಡ್ಡ ಪೇಟೆಯಿಂದ ತರ್ಸೋದು ಯಾಕೆ ಮೇಡಂ? ಇಡಗುಂದಿ ಹಳ್ಳದಾಗೆ ಬೇಕಾದಷ್ಟು ಅದೆ. ತಂದುಕೊಡ್ತೆ ಬಿಡಿ."

ಒಂದೂವರೆ ಅಡಿಯ ಗಾಜಿನ ತೊಟ್ಟಿ ಅವರೇ ಅಂಟಿಸಿಕೊಟ್ಟರು. ಮುಂದಿನ ವಾರ ಒದ್ದೆ ಗೋಣಿಯಲ್ಲಿ ಸುತ್ತಿದ ಹಾವಸೆ, ಮುಚ್ಚಳಕ್ಕೆ ತೂತು ಹೊಡೆದ ಎಣ್ಣೆ ಕ್ಯಾನಿನಲ್ಲಿ ಸಿಗಡಿ. ಗಾಜಿನ ಚೂರಿಗೆ ಜೀವ ಬಂದ ಹಾಗೆ ಇದ್ದವು. ನಲ್ಲಿ ನೀರು ನೇರ ಹಾಕಬೇಡಿ, ಔಷಧಿ ವಾಸನೆ ಹೋಗುವಂತೆ ಒಂದು ದಿನ ಹಿಡಿದಿಟ್ಟು ಹಾಕಿ ಎಂದು ಸಾಹೇಬರು ಎರಡೆರಡು ಸಲ ಹೇಳಿದರು. ಅದಕ್ಕೆಂದೇ ಕೆಂಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಬೇರೆ ಮಾಡಿಟ್ಟೆ.

ಅತ್ತೆ ಬಾಗಿಲಲ್ಲೇ ತಡೆದರು.

"ಮನೆಯೊಳಗೆ ಶೆಟ್ಲಿ ತಂದು ಇಟ್ಗಂತ್ಯ? ಯಾರಾದ್ರೂ ಬಂದ್ರೆ ಎಂತ ಹೇಳವು?"

ಮೀನುಪೇಟೆಯಲ್ಲಿ ಸಿಗಡಿ ಒಣಗಿಸಿ ರಾಶಿ ಹಾಕಿರುತ್ತಾರಲ್ಲ, ಅದನ್ನೇ ನಾವು ಶೆಟ್ಲಿ ಎನ್ನುವುದು. ಅದರ ವಾಸನೆಗೆ ಮೂಗು ಮುಚ್ಚಿಕೊಂಡು ಆ ಬೀದಿ ದಾಟುವ ಮನೆತನ ನಮ್ಮದು.

"ತಿಂಬಲೆ ಅಲ್ಲ ಅತ್ತೆ, ನೋಡಲೆ," ಎಂದೆ.

"ನೋಡಲೆ ಅದ್ರಲ್ಲಿ ಎಂತ ಇದ್ದು?"

ಮಡಿ ಮೈಲಿಗೆಯ ಬಗ್ಗೆ ನಾನು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅತ್ತೆ ಪೂರ್ತಿ ಕೇಳಿ ಒಳಗೆ ಹೋದರು. ದೇವರ ಕೋಣೆಯ ಗೋಡೆಗೆ ತಾಗಿಸಿ ಮಾತ್ರ ಇಡಬೇಡ ಎಂದರು, ಅಷ್ಟೇ.

ಮರಳು ತೊಳೆದೆ, ಕಲ್ಲು ಜೋಡಿಸಿದೆ. ಹಾವಸೆಯನ್ನು ಕಲ್ಲಿಗೆ ಕಟ್ಟುವುದು ಮಾತ್ರ ನನ್ನಿಂದ ಆಗಲಿಲ್ಲ. ಹೊಲಿಗೆಯ ದಾರದಲ್ಲಿ ಎಷ್ಟು ಸುತ್ತಿದರೂ ನೀರಿಗಿಳಿಸಿದ ಕೂಡಲೇ ಬಿಚ್ಚಿಕೊಂಡು ಮೇಲೆ ತೇಲುತ್ತಿತ್ತು. ಹಾವಸೆ ತಾನೇ ಬೇರಿನಂಥದ್ದು ಬಿಟ್ಟು ಕಲ್ಲಿಗೆ ಹಿಡಿದುಕೊಳ್ಳುತ್ತದೆ, ಆದರೆ ಅಲ್ಲಿಯವರೆಗೆ ಅಲುಗಾಡಬಾರದು. ಮೂರನೇ ಸಲ ಬಿಚ್ಚಿದಾಗ ನಾನು ಕಲ್ಲನ್ನು ಕುಕ್ಕಿದೆ. ಸಿಟ್ಟು ಬಂದಾಗ ಕೈಯಲ್ಲಿದ್ದದ್ದನ್ನು ಕುಕ್ಕುವುದು ನನ್ನ ಚಾಳಿ. ಅಡುಗೆಮನೆಯಲ್ಲಿದ್ದ ಅತ್ತೆ ಹೊರಗೆ ಬಂದರು.

"ಹಾಂಗಲ್ಲ ಕಟ್ಟದು. ಇಲ್ಲಿ ಕೊಡು."

ಹೂವು ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರು ತಂದರು. ಕಾಲು ಚಾಚಿ ಕುಳಿತು, ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಅಬ್ಬಲಿಗೆ ದಂಡೆ ಕಟ್ಟುವ ಗಂಟಿನಲ್ಲೇ ಹಾವಸೆಯನ್ನು ಸಾಲುಸಾಲಾಗಿ ಕಟ್ಟಿಕೊಟ್ಟರು. ಒಂದೂ ಬಿಚ್ಚಲಿಲ್ಲ. ಎರಡು ತಿಂಗಳಿಗೆ ನಾರು ಕೊಳೆತು ಕರಗಿಹೋಯಿತು, ಅಷ್ಟು ಹೊತ್ತಿಗೆ ಹಾವಸೆ ಕಲ್ಲನ್ನು ಹಿಡಿದಿತ್ತು. ಬಂದವರಿಗೆಲ್ಲ ನಾನು ತೊಟ್ಟಿ ತೋರಿಸಿದೆ. ಅದನ್ನು ಕಟ್ಟಿದ್ದು ಯಾರೆಂದು ಹೇಳಲಿಲ್ಲ, ಅದೂ ಈಗ ನೆನಪಾಗುತ್ತಿದೆ.

ಆಮೇಲೆ ನಿಧಾನಕ್ಕೆ ಅತ್ತೆಯ ಮಣೆ ಹಜಾರಕ್ಕೆ ಬಂತು. ಮಧ್ಯಾಹ್ನ ಊಟವಾದ ಮೇಲೆ ತೊಟ್ಟಿಯ ಎದುರು ಕುಳಿತು ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ವರದಿ ಸಿಗುತ್ತಿತ್ತು. ಇಪ್ಪತ್ತೆರಡೂ ಇವೆ, ಒಂದು ತನ್ನ ಪೊರೆಯ ಅಂಗಿ ಕಳಚಿದೆ, ಹಾಗೆ ಕಳಚಿದ್ದು ಕಲ್ಲಿನ ಸಂದಿಯಲ್ಲಿ ಅಡಗಿಕೊಂಡಿದೆ. ಒಂದು ದಿನ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು.

"ಒಂದು ಬಸುರಿ ಇದ್ದು ನೋಡು. ಹೊಟ್ಟೆ ಅಡಿಗೆ ಮೊಟ್ಟೆ ಹೊತ್ಗಂಡಿದ್ದು."

ನೋಡಿದರೆ ಹೌದು. ಅವತ್ತಿನಿಂದ ಸಾರಿಗೆ ಉಪ್ಪು ಹಾಕುವ ಮೊದಲು ಒಂದು ಹರಿವೆ ಎಲೆ ತೆಗೆದಿಡುತ್ತಿದ್ದರು, ಬಸುರಿಗೆ. ನನಗೂ ಖುಷಿಯೇ ಆಗಿತ್ತು.

ದೀಪಾವಳಿ ಬಂತು. ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಜೇಡಿಮಣ್ಣು, ಕುಂಕುಮ ಹಚ್ಚಿ, ಹೊಸ ನೀರು ತುಂಬುತ್ತಾರೆ. ಆ ತಾಮ್ರದ ಹಂಡೆ ಅತ್ತೆ ಪೇಟೆಗೆ ಬರುವಾಗ ಊರಿಂದ ತಂದದ್ದು. ವರ್ಷವಿಡೀ ಮಸಿ ಹಿಡಿದು ಕಪ್ಪಾಗಿರುತ್ತಿದ್ದುದು ಅವತ್ತು ಒಳಗೂ ಹೊರಗೂ ಕೆಂಪಗೆ ಹೊಳೆಯುತ್ತಿತ್ತು. ಹಬ್ಬಕ್ಕೆಂದು ನನ್ನ ನಾದಿನಿಯೂ ಬಂದಿದ್ದಳು.

ಮರುದಿನ ಬೆಳಗಿನ ಜಾವ ಮೊದಲು ಎದ್ದವಳು ನಾನು. ಎಣ್ಣೆ ಸ್ನಾನಕ್ಕೆ ಬಚ್ಚಲ ಒಲೆಗೆ ಬೆಂಕಿ ಹಾಕಬೇಕಿತ್ತು. ಹಜಾರದಲ್ಲಿ ಹಾಯುವಾಗ ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿರುವುದು ಕಂಡಿತು. ಹಬ್ಬದ ಗಡಿಬಿಡಿಯಲ್ಲಿ ಕೆಂಪು ಬಕೆಟ್ಟು ಬಟ್ಟೆ ನೆನೆಸಲು ಹೋಗಿತ್ತು. ಒಂದು ದಿನ ಹಿಡಿದಿಟ್ಟ ನೀರು ಬೇಕು, ಹಂಡೆಯಲ್ಲಿ ನಿನ್ನೆ ಸಂಜೆಯಿಂದ ನಿಂತ ನೀರಿದೆ. ಎಂಟು ತಂಬಿಗೆ ತಂದು ಹಾಕಿದೆ. ಹಬ್ಬದ ನೀರು ಅವಕ್ಕೂ ಆಯಿತು ಎಂದುಕೊಂಡದ್ದೂ ನೆನಪಿದೆ. ಆಮೇಲೆ ಬೆಂಕಿ ಹಾಕಿದೆ, ಎಲ್ಲರನ್ನೂ ಎಬ್ಬಿಸಿದೆ, ಎಣ್ಣೆ, ಸೀಗೆಪುಡಿ, ತಿಂಡಿ, ಅಡುಗೆ ಎಂದು ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸಂಜೆ ನಾಲ್ಕರ ಚಹಾದ ಹೊತ್ತಿಗೆ ನಾದಿನಿ ಕರೆದಳು. "ಅತ್ತಿಗೆ, ಇವೆಲ್ಲ ಎಂತಕ್ಕೆ ಹೀಂಗೆ ಮಲಗಿದ್ದು?"

ಮಲಗಿರಲಿಲ್ಲ. ಮರಳಿನ ಮೇಲೆ ಅಡ್ಡಡ್ಡ ಬಿದ್ದಿದ್ದವು, ಬೇಯಿಸಿದ ಹಾಗೆ ಬಿಳಿಚಿಕೊಂಡು. ಬಸುರಿಯೂ ಬಿದ್ದಿತ್ತು. ನನ್ನ ಕಣ್ಣು ಮೊದಲು ಹೋದದ್ದು ತೊಟ್ಟಿಯ ಗಾಜಿಗೆ. ಮೇಲಿನ ಅಂಚಿಗೆ ಒತ್ತಿ ಕುಂಕುಮದ ಬೊಟ್ಟು ಇತ್ತು. ಹೆಬ್ಬೆರಳಿನ ಗುರುತು ಸಮೇತ.

"ನಿಂಗ ಇದ್ರೊಳಗೆ ಎಂತ ಹಾಕಿದ್ರಿ?" ಎಂದು ಅತ್ತೆಯನ್ನು ಕೇಳಿದೆ.

"ಆನು ಎಂತೂ ಹಾಕಿದ್ನಿಲ್ಲೆ."

"ಹಾಂಗಾರೆ ಈ ಕುಂಕುಮ ಹಚ್ಚಿದ್ದು ಯಾರು?"

"ಆನೇಯ. ಗಾಜಿಗೆ. ನಿನ್ನೆ ಹಂಡೆಗೆ ಹಚ್ಚಿಕ್ಕಿ ಬರಕಾದ್ರೆ, ಇದೂ ನೀರು ತುಂಬಿದ್ದೇ ಅಲ್ದಾ ಹೇಳಿ."

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಕಂಡಕಂಡದ್ದಕ್ಕೆಲ್ಲ ಕುಂಕುಮ ಬಳಿಯುವುದೊಂದು ರೋಗ ಎಂದೆ. ನೀರಿಗೆ ಏನು ಬಿದ್ದರೆ ಏನಾಗುತ್ತದೆ ಎಂಬ ಜ್ಞಾನ ಬೇಡವೇ ಎಂದೆ. ಕೊನೆಗೆ, ಅವರ ಮಗಳ ಎದುರು, "ಕಲಿಯದೇ ಇದ್ದವ್ಕೆ ಎಷ್ಟು ಹೇಳಿದ್ರೂ ಅಷ್ಟೇಯ," ಎಂದುಬಿಟ್ಟೆ.

ನಾದಿನಿ ಚಹಾದ ಲೋಟ ಹಿಡಿದು ಎದ್ದು ಒಳಗೆ ಹೋದಳು. ಅತ್ತೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಆಮೇಲೆ ಸೆರಗಿನ ತುದಿಯಿಂದ ಗಾಜಿನ ಮೇಲಿನ ಬೊಟ್ಟನ್ನು ಒರೆಸಿದರು. ಕುಂಕುಮ ಒಂದೇ ಸಲಕ್ಕೆ ಹೋಗುವುದಿಲ್ಲ, ಹರಡುತ್ತದೆ. ಎರಡು ಮೂರು ಸಲ ಒರೆಸಿದರು.

ಹಬ್ಬ ಕಳೆದು ಎರಡು ವಾರಕ್ಕೆ ಬೇರೆ ಸಿಗಡಿ ಕೇಳಲು ಸಾಹೇಬರ ಅಂಗಡಿಗೆ ಹೋದೆ. ಅತ್ತೆ ಕುಂಕುಮ ಬೀಳಿಸಿದರು, ಎಲ್ಲ ಸತ್ತವು ಎಂದೆ. ಅವರು ನಂಬಲಿಲ್ಲ.

"ಬೆರಳ ತುದಿ ಕುಂಕುಮಕ್ಕೆ ಇಪ್ಪತ್ತೆರಡೂ ಒಂದೇ ದಿನ ಸಾಯ್ತವಾ? ಅವತ್ತು ನೀರು ಹಾಕಿದ್ರಾ ಮೇಡಂ?"

"ಹಾಕಿದ್ದೆ. ರಾತ್ರಿಯಿಡೀ ನಿಂತ ನೀರೇ."

"ಯಾವುದ್ರಾಗೆ ನಿಂತಿದ್ದು?"

"ಹಂಡೆಯಲ್ಲಿ."

"ತಾಮ್ರದ್ದಾ?" ಎಂದು ಕೇಳಿ ನನ್ನನ್ನು ನೋಡಿದರು. "ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದ ಮೇಲೆ ಕೆಳಗಿನ ಹಳ್ಳದಾಗೆ ಒಂದಾದ್ರೂ ಸಿಗಡಿ ಕಾಣ್ತದಾ? ಮೈಲುತುತ್ತು ಅಂದ್ರೂ ತಾಮ್ರನೇ ಅಲ್ವಾ?"

ಹೇರೂರು ಕಡೆಯ ತೋಟದ ಮನೆಯಲ್ಲಿ ಹುಟ್ಟಿದವಳು ನಾನು. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯಲು ಮೈಲುತುತ್ತು, ಸುಣ್ಣ ಕಲಸುವುದನ್ನು ನೋಡಿಕೊಂಡೇ ಬೆಳೆದವಳು. ತಾಮ್ರದ ಅಂಶ ಇಂಥ ಜೀವಿಗಳಿಗೆ ವಿಷ ಎಂದು ಪಾಠವನ್ನೂ ಮಾಡಿದವಳು. ಮಸಿ ಹಿಡಿದ ಹಂಡೆಯಾಗಿದ್ದರೆ ಬದುಕುತ್ತಿದ್ದವೋ ಏನೋ. ಹುಳಿ ಹಾಕಿ ತಿಕ್ಕಿ ಹಸಿ ತಾಮ್ರ ಮೇಲೆ ತಂದ ಹಂಡೆಯಲ್ಲಿ ರಾತ್ರಿಯಿಡೀ ನಿಂತ ನೀರನ್ನು ಎಂಟು ತಂಬಿಗೆ ಸುರಿದಿದ್ದೆ. ಅಂಗಡಿಯ ಮೀನುಗಳ ಎದುರು ನನಗೆ ಮುಖ ಎತ್ತಲಾಗಲಿಲ್ಲ.

"ಅಮ್ಮೋರಿಗೆ ಏನೂ ಅನ್ನಬೇಡಿ ಮತ್ತೆ," ಎಂದರು ಸಾಹೇಬರು. ಇಲ್ಲ ಎಂದು ತಲೆಯಾಡಿಸಿದೆ.

ಮನೆಗೆ ಹೋದ ಕೂಡಲೇ ಹೇಳಬೇಕಿತ್ತು. ಅವತ್ತು ಅತ್ತೆಗೆ ಮೊಣಕಾಲು ನೋವು ಜೋರಾಗಿತ್ತು, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಯಾರೋ ಬಂದರು. ಆಮೇಲೆ ಪರೀಕ್ಷೆ, ಪೇಪರ್ ತಿದ್ದುವುದು. ಒಂದು ತಿಂಗಳು ಕಳೆದ ಮೇಲೆ, ಹಳೆಯದನ್ನು ಕೆದಕುವುದು ಯಾಕೆ ಎಂಬ ದೊಡ್ಡ ಮಾತೂ ಹೊಳೆಯಿತು. ಒಂದೇ ಒಂದು ವಾಕ್ಯ ಅದು. ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲದ ನಾಲಿಗೆಗೆ ಅದು ಬರಲೇ ಇಲ್ಲ.

ಹೊಸ ಸಿಗಡಿ ಬಂದವು, ಹೆಚ್ಚಿದವು. ಅತ್ತೆಯ ಮಣೆ ಅಡುಗೆಮನೆಯ ಹೊಸಿಲಿಗೆ ಹಿಂದೆ ಹೋಗಿತ್ತು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. ಮಾತು, ನಗು, ಊಟಕ್ಕೆ ಕರೆಯುವುದು ಎಲ್ಲ ಮೊದಲಿನ ಹಾಗೇ ಇತ್ತು, ತೊಟ್ಟಿಯ ಹತ್ತಿರ ಮಾತ್ರ ಸುಳಿಯಲಿಲ್ಲ. ಮರಿ ಆಗಿವೆ, ಬನ್ನಿ ಎಂದು ಒಮ್ಮೆ ಕರೆದೆ. ಕಣ್ಣು ಕಾಣುವುದಿಲ್ಲ ಎಂದರು. ಅದೇ ಹೊತ್ತಿಗೆ ಅವರ ಕೈ ಮೊರದಲ್ಲಿನ ಅಕ್ಕಿಯಿಂದ ಸಾಸಿವೆಯಷ್ಟು ಕಲ್ಲನ್ನು ಆರಿಸಿ ತೆಗೆಯುತ್ತಿತ್ತು. ಇನ್ನೊಂದನ್ನು ಗಮನಿಸಿದ್ದೆ. ತೊಟ್ಟಿಯ ಕೆಂಪು ಬಕೆಟ್ಟು ಆಮೇಲೆ ಒಂದು ದಿನವೂ ಖಾಲಿ ಇರಲಿಲ್ಲ. ತುಂಬಿಸಿ, ಮೇಲೆ ಬಟ್ಟೆ ಮುಚ್ಚಿ ಬಚ್ಚಲ ಮೂಲೆಯಲ್ಲಿ ಇಟ್ಟಿರುತ್ತಿತ್ತು. ಗಂಡ ಇಡುತ್ತಾರೆ ಎಂದುಕೊಂಡು ಅದನ್ನು ಹೆಚ್ಚು ಯೋಚಿಸಲಿಲ್ಲ.

ಮರುವರ್ಷದ ನೀರು ತುಂಬುವ ಸಂಜೆ, ಹಂಡೆ ತಿಕ್ಕಲು ಅತ್ತೆಗೆ ಬಗ್ಗಲಾಗದೆ ನಾನೇ ತಿಕ್ಕಿದೆ. ಹುಣಸೆಹಣ್ಣಿನ ಮುದ್ದೆ ಆಡಿಸಿದಲ್ಲೆಲ್ಲ ಕಪ್ಪು ಹೋಗಿ ಕೆಂಪು ಬರುತ್ತಿತ್ತು. ಅತ್ತೆ ಬಾಗಿಲಲ್ಲಿ ಕುಳಿತು ಬಳ್ಳಿ ಸರಿಮಾಡುತ್ತಿದ್ದರು. ಆ ಕೆಂಪನ್ನು ನೋಡುತ್ತಾ ಇನ್ನು ತಡೆಯಲಾಗಲಿಲ್ಲ. ಅವರ ಕಡೆ ತಿರುಗದೆಯೇ ಹೇಳಿದೆ.

"ಅತ್ತೆ, ಹೋದ ವರ್ಷ ಸಿಗಡಿ ಸತ್ತಿದ್ದು ನಿಂಗಳಿಂದ ಅಲ್ಲ. ಈ ಹಂಡೆ ನೀರಿಂದ. ಹಾಕಿದ್ದು ಆನು. ಯಂದೇ ತಪ್ಪು."

"ಗೊತ್ತಿದ್ದು," ಎಂದರು.

ತಿಕ್ಕುವ ಕೈ ನಿಂತಿತು. ಯಾವಾಗಿಂದ ಎಂದು ಕೇಳಿದೆ.

"ಅವತ್ತೇಯ. ನೀನು ತಂಬಿಗೆಲಿ ನೀರು ತಗಂಡು ಹೋಪದು ಆನು ಮಲಗಿದಲ್ಲಿಂದ್ಲೇ ನೋಡಿದ್ದಿ. ಆವಾಗ ತಲೆಗೆ ಹೊಳದ್ದಿಲ್ಲೆ. ಸತ್ತು ಬಿದ್ದಿದ್ದು ನೋಡಿ ಗೊತ್ತಾತು. ಔಷಧಿ ಹೊಡೆದಾಗ ಹಳ್ಳದಲ್ಲಿ ಹೀಂಗೇ ಬೀಳ್ತಿತ್ತು."

"ಮತ್ತೆ ಹೇಳಲ್ಲೆ ಎಂತಕ್ಕೆ?"

"ಮಗಳ ಎದುರಿಗೆ ಎಂತ ಹೇಳದು. ನೀನು ಕಾಲೇಜಲ್ಲಿ ಪಾಠ ಹೇಳ್ತೆ." ಬಳ್ಳಿಯ ಒಣಗಿದ ಎಲೆಯೊಂದನ್ನು ಚಿವುಟಿ ಹಾಕಿದರು. "ಆಮೇಲೆ ಬಕೇಟಲ್ಲಿ ನೀರು ಹಿಡಿದು ಇಡ್ತಾ ಇದ್ನಲೆ. ನೀನು ಮತ್ತೆ ಹಂಡೆ ನೀರು ಹಾಕಿಕ್ಕಿದ್ರೆ ಎಂತ ಮಾಡದು ಹೇಳಿ."

ಕಲಿಯದೇ ಇದ್ದವರು ಎಂದು ನಾನು ಹೇಳಿದ ಗಳಿಗೆಯಲ್ಲಿ ನನ್ನ ತಪ್ಪು ಅವರ ನಾಲಿಗೆಯ ತುದಿಯಲ್ಲಿತ್ತು. ಮಗಳ ಎದುರು ನನ್ನ ಮರ್ಯಾದೆ ಉಳಿಸಲು ಅದನ್ನು ನುಂಗಿ, ತಮ್ಮ ಬೊಟ್ಟನ್ನು ತಾವೇ ಒರೆಸಿಕೊಂಡಿದ್ದರು. ನಾನು ಹಂಡೆಗೆ ಮುಖ ಮಾಡಿ ಅಳತೊಡಗಿದೆ. ಹುಣಸೆಯ ಕೈ, ಕಣ್ಣು ಒರೆಸಿಕೊಳ್ಳಲೂ ಆಗುವಂತಿರಲಿಲ್ಲ.

ಹಂಡೆ ತುಂಬಿತು, ಬಳ್ಳಿ ಸುತ್ತಿದ್ದಾಯಿತು. ಅತ್ತೆ ಹಂಡೆಗೆ, ಒಲೆಗೆ, ಬಚ್ಚಲ ಬಾಗಿಲಿಗೆ ಕುಂಕುಮ ಹಚ್ಚಿದರು. ನಾನು ಅವರ ಕೈಯಿಂದ ಬಟ್ಟಲು ತೆಗೆದುಕೊಂಡು, ತೋಳು ಹಿಡಿದು ಹಜಾರಕ್ಕೆ ಕರೆತಂದು ತೊಟ್ಟಿಯ ಎದುರು ನಿಲ್ಲಿಸಿದೆ. ಬಟ್ಟಲು ಮುಂದೆ ಹಿಡಿದೆ.

"ಇದಕ್ಕೂ ಹಚ್ಚಿ ಅತ್ತೆ."

ಒಂದು ವರ್ಷದ ಮೇಲೆ ಮೊದಲ ಸಲ ತೊಟ್ಟಿಯೊಳಗೆ ಬಗ್ಗಿ ನೋಡಿದರು. ಹಾವಸೆಯ ಮೇಲೆ ಮರಿಗಳು ಓಡಾಡುತ್ತಿದ್ದವು. ಎಣಿಸುತ್ತಿದ್ದರೋ ಏನೋ, ತುಟಿ ಅಲ್ಲಾಡಿತು. ಹೆಬ್ಬೆರಳು ಬಟ್ಟಲಿನತ್ತ ಬಂದು, ತಾಗದೆ ಹಿಂದೆ ಹೋಯಿತು.

"ಬ್ಯಾಡ ತಂಗಿ. ನಾಳೆ ಇದ್ರಲ್ಲಿ ಒಂದು ಸತ್ರೂ ಯಂಗೆ ಹೆದರಿಕೆ ಆಗ್ತು," ಎಂದರು. ಬೆರಳಿಗೆ ಮೊದಲೇ ಹತ್ತಿದ್ದ ಕುಂಕುಮವನ್ನು ಸೆರಗಿನ ತುದಿಗೆ ಒರೆಸಿಕೊಂಡು ಒಳಗೆ ಹೋದರು.