ರತ್ನಕ್ಕನ ರೂಲು

ಮಂಗಳವಾರ ನನಗೊಂದು ಪೋಸ್ಟ್‌ಕಾರ್ಡ್ ಬಂತು. ಬೈರಕೂರಿನಿಂದ. ದಪ್ಪ ದಪ್ಪ ಅಕ್ಷರ, ಒಟ್ಟು ಐದಾರು ಸಾಲು. ಓದಿದ ಮೇಲೆ ಅವತ್ತು ಆಫೀಸಿನಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ.

ಬೈಗುಳ ಇತ್ತಾ? ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. (ಬೈಗುಳದ ಕಾರ್ಡು ನನಗೇನೂ ಹೊಸದಲ್ಲ. ನೀವೇ ಬರೆಯುತ್ತೀರಲ್ಲ.)

ವಿಷಯ ಏನೆಂದರೆ, ಹೋದ ತಿಂಗಳು ಪೇಪರಿನ ಇದೇ ಜಾಗದಲ್ಲಿ ನಾನೊಂದು ಆಟದ ಬಗ್ಗೆ ಬರೆದಿದ್ದೆ. ಆಫೀಸಿನ ಗೆಳೆಯರೊಬ್ಬರ ಭಾವಮೈದ ಫಾರಿನ್ನಿನಿಂದ ಒಂದು ಡಬ್ಬಿ ತಂದಿದ್ದರು. ಒಳಗೆ ಒಂದು ಪುಸ್ತಕ, ಬಣ್ಣದ ದಾಳ, ನಕ್ಷೆ. ಅಲ್ಲಿನ ಯಾವುದೋ ಸಿನಿಮಾ ಸರಣಿಯನ್ನು ಮೇಜಿನ ಮೇಲೆ ಆಡುವ ಆಟವಂತೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, ಮುಂದೇನಾಗಬೇಕು ಅನ್ನುವುದನ್ನು ದಾಳ ಹೇಳುತ್ತದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಸುಮ್ಮನಿರಬೇಕೋ ಬೇಡವೋ? ಇದೇನ್ರೀ ಮಹಾ, ಹತ್ತು ವರ್ಷದ ಹಿಂದೆ ಹುತ್ತೂರಿನಲ್ಲಿ ನಾನೇ ಇಂಥದ್ದೊಂದು ಮಾಡಿದ್ದೆ ಅಂದುಬಿಟ್ಟೆ.

ಅಂದದ್ದು ಸಾಲದೆ ಅಂಕಣದಲ್ಲೂ ಬರೆದೆ. ನೀವು ಮೆಚ್ಚಿ ಕಾಗದ ಬರೆದಿರಿ. ಮಾಲೂರಿನ ಒಂದು ಸ್ಕೂಲಿನವರು ಕರೆಸಿ ಹಾರ ಹಾಕಿದರು. ಹಾಕಿಸಿಕೊಂಡೆ.

ಆ ಆಟ ನಾನು ಮಾಡಿದ್ದಲ್ಲ. ಮಾಡಿದ್ದು ನಮ್ಮ ದೊಡ್ಡಪ್ಪನ ಮಗಳು ರತ್ನಕ್ಕ. ಕಾರ್ಡು ಬರೆದವಳೂ ಅವಳೇ.

ಆಗ ನಾನು ಹುತ್ತೂರಿನ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಕೋಲಾರಕ್ಕೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ರತ್ನಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಮನೆ ತುಂಬ ರೇಷ್ಮೆ ಹುಳು. ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು ಎಲ್ಲ ಅವಳ ತಲೆಗೇ. ಆ ಕಾಲದಲ್ಲಿ ಕೋಲಾರದ ಟಾಕೀಸಿಗೆ ಒಬ್ಬ ಪತ್ತೇದಾರನ ತೆಲುಗು ಸಿನಿಮಾ ಬಂತು. ಅದು ಓಡಿದ ಓಟಕ್ಕೆ ಎರಡನೆಯದೂ ಬಂತು, ಮೂರನೆಯದೂ ಬಂತು. ನಾನು ಮೂರನ್ನೂ ನೋಡಿದೆ. ರತ್ನಕ್ಕ ಒಂದನ್ನೂ ನೋಡಲಿಲ್ಲ. ಹುಳು ಬಿಟ್ಟು ಹೋಗುವುದು ಹೇಗೆ?

ಅದಕ್ಕೇ ನೋಡಿಕೊಂಡು ಬಂದವನನ್ನು ಕೂರಿಸಿಕೊಂಡು ಕಥೆ ಕೇಳುತ್ತಿದ್ದಳು. "ಚೆಪ್ಪು ರಾ, ತರ್ವಾತ ಏಮೈಂದಿ?" (ಹೇಳೋ, ಆಮೇಲೇನಾಯ್ತು ಅಂತ. ಮನೆಯಲ್ಲಿ ಕನ್ನಡವೇ. ಸಿನಿಮಾ ವಿಷಯಕ್ಕೆ ಬಂದರೆ ನಮ್ಮ ಕಡೆ ತೆಲುಗು ತಾನಾಗಿ ಬರುತ್ತದೆ.) ಒಂದು ದಿನ ನಾನು, ಪತ್ತೇದಾರ ಕಳ್ಳರ ಗೋಡೌನಿಗೆ ಮುಂಬಾಗಿಲಿಂದ ನುಗ್ಗಿದ ಅಂದೆ. ಅವಳು ಒಪ್ಪಲಿಲ್ಲ. ತಾನಾಗಿದ್ದರೆ ಹಿತ್ತಲಿಂದ ಹೋಗುತ್ತಿದ್ದೆ ಅಂದಳು. ಹಿತ್ತಲಲ್ಲಿ ನಾಯಿ ಇದ್ದರೆ ಅಂದೆ. ಇದೆಯೋ ಇಲ್ಲವೋ ಕವಡೆ ಹಾಕಿ ನೋಡೋಣ ಅಂದಳು. ಆಟ ಹುಟ್ಟಿದ್ದು ಅಲ್ಲಿ.

ಚಂದ್ರಿಕೆ ನೋಡಿದ್ದೀರಲ್ಲ? ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ, ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ. ಹುಳು ಹಣ್ಣಾಗಿ ಗೂಡಿಗೆ ತಯಾರಾಗುವ ತನಕ ಅದು ಗೋಡೆಗೆ ಒರಗಿಕೊಂಡು ಖಾಲಿ ನಿಂತಿರುತ್ತದೆ. ರತ್ನಕ್ಕ ಅದನ್ನು ಮಲಗಿಸಿ, ಹೊರಸುತ್ತು ಬಸ್‌ಸ್ಟ್ಯಾಂಡು, ನಟ್ಟನಡುವೆ ವಿಲನ್ ಮನೆ ಅಂದಳು. ಹುಣಸೆಬೀಜಗಳು ಪಾತ್ರಗಳಾದವು. ನಾವು ಮೂರ್ನಾಲ್ಕು ಹುಡುಗರು ಪತ್ತೇದಾರರು, ಕಥೆ ನಡೆಸುವವಳು ಅವಳು. ಸಿನಿಮಾ ನೋಡದವಳು ನೋಡಿದವರಿಗೆ ಸಿನಿಮಾ ತೋರಿಸುತ್ತಿದ್ದಳು ಅಂದರೆ ನಂಬುತ್ತೀರಾ?

ಎರಡನೇ ಸಿನಿಮಾ ಬರುವ ಹೊತ್ತಿಗೆ ಒಂದು ರೂಲು ಬಂತು. ನಾಲ್ಕು ಕವಡೆಯೂ ಬೋರಲು ಬಿದ್ದರೆ, ಹಾಕಿದವನು ತಾನು ಹೇಳಿದ ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಯಾಕೆ ಗೊತ್ತಾ? ನಾವು ಸಿನಿಮಾ ಕಥೆಗೆ ಬಾಯಿಗೆ ಬಂದದ್ದೆಲ್ಲ ಸೇರಿಸಿ ಬಿಡುತ್ತಿದ್ದೆವು. ಇಲ್ಲದ ಹುಲಿ, ಇಲ್ಲದ ವಿಮಾನ. ಸಿನಿಮಾದಲ್ಲಿ ನಿಜವಾಗಿ ಏನಿತ್ತು ಅಂತ ತಿಳಿಯಲು ಅವಳಿಗಿದ್ದದ್ದು ಅದೊಂದೇ ದಾರಿ.

ಹೋದ ತಿಂಗಳ ಅಂಕಣದಲ್ಲಿ ನಾನು, ನಾಲ್ಕೂ ಬೋರಲು ಬಿದ್ದರೆ ಆಟಗಾರ ಸತ್ತ ಅಂತ ಬರೆದಿದ್ದೆ. ಕಾರ್ಡಿನಲ್ಲಿ ಇದ್ದದ್ದು ಇಷ್ಟು: "ಚೆನ್ನಾಗಿ ಬರ್ದಿದ್ದೀಯ ವೆಂಕಟೇಶ. ಒಂದು ತಪ್ಪಾಗಿದೆ. ನಾಲ್ಕೂ ಬೋರಲು ಬಿದ್ರೆ ಸಾಯೋದಿಲ್ಲ. ಸುಳ್ಳು ಒಪ್ಕೋಬೇಕು, ಆಮೇಲೆ ಆಟ ಮುಂದಕ್ಕೆ ಹೋಗ್ತದೆ. ಮನೆ ಕಡೆ ಬಾ, ಮಾವಿನಹಣ್ಣು ಇದಾವೆ."

ಆಟ ತನ್ನದು ಅಂತ ಒಂದು ಮಾತಿಲ್ಲ.

ಆ ರೂಲನ್ನು ನಾನು ಮರೆತಿದ್ದೆನಾ? ಇಲ್ಲ ಸ್ವಾಮಿ. ಬೇಕೆಂದೇ ಬದಲಾಯಿಸಿದೆ. ಬರೆಯುವಾಗ ಪೆನ್ನು ಅಲ್ಲಿ ನಿಂತದ್ದೂ ನೆನಪಿದೆ. ಕಾರಣ ಆ ಮೂರನೇ ಸಿನಿಮಾ.

ಅದು ಬಂದ ವಾರ ನಮ್ಮ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಪೊರೆ ಬಿಟ್ಟು, ಹಾಕಿದಷ್ಟೂ ಸೊಪ್ಪು ತಿನ್ನುವ ಕಾಲ. ಆದರೂ ದೊಡ್ಡಪ್ಪನಿಗೆ ಏನನ್ನಿಸಿತೋ, ಭಾನುವಾರ ನಾನು ಮನೆಯಲ್ಲಿದ್ದು ಸೊಪ್ಪು ಹಾಕಬೇಕು, ರತ್ನ ದೊಡ್ಡಮ್ಮನ ಜೊತೆ ಮ್ಯಾಟ್ನಿಗೆ ಹೋಗಿಬರಲಿ ಅಂದರು. ರತ್ನಕ್ಕ ಶುಕ್ರವಾರವೇ ಹಸಿರು ದಾವಣಿ ಒಗೆದು ಒಣಹಾಕಿದಳು. ನನಗೋ ಭಾನುವಾರ ಕ್ರಿಕೆಟ್ ಮ್ಯಾಚು. ಸಿನಿಮಾ ಆಗಲೇ ಕ್ಲಾಸಿಗೆ ಚಕ್ಕರ್ ಹೊಡೆದು ನೋಡಿಯಾಗಿತ್ತು.

ಶನಿವಾರ ಸಂಜೆ ಬಸ್ಸಿಳಿದು ಬಂದವನೇ, "ಪಿಕ್ಚರ್ ಎತ್ತಿಬಿಟ್ರು ಕಣಕ್ಕ. ನಾಳೆಯಿಂದ ಬೇರೆ ಹಾಕ್ತಾರಂತೆ" ಅಂದೆ.

ಅವಳು ದಾವಣಿ ಮಡಚಿಟ್ಟಳು. ಸೊಪ್ಪಿನ ಕೈ ಒರೆಸಿಕೊಂಡು ಚಂದ್ರಿಕೆ ತಂದು ಮಲಗಿಸಿದಳು. ನಾನಾದರೂ ನೋಡಿದ್ದೇನಲ್ಲ, ಈ ಸಲ ನಾನು ಕಥೆ ನಡೆಸಬೇಕಂತೆ, ತಾನು ಪತ್ತೇದಾರ ಆಗುತ್ತಾಳಂತೆ. ಅವಳು ಪತ್ತೇದಾರ ಆದದ್ದು ಅದೊಂದೇ ಸಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಿದಳು. ವಿಲನ್ ಪರವಾಗಿ ನಾನು ಕವಡೆ ಹಾಕಿದೆ. ನಾಲ್ಕೂ ಬೋರಲು.

ಅವಳು ನನ್ನ ಮುಖ ನೋಡಿದಳು. ವಿಲನ್ ಕಾರು ಕಪ್ಪು ಅಂದಿದ್ದೆ, ನಿಜವಾಗಿ ಅದು ಬಿಳಿ ಅಂದೆ.

"ಅಷ್ಟೇನ್ಲಾ?" ಅಂದಳು.

"ಅಷ್ಟೇ ಕಣಕ್ಕ" ಅಂದೆ.

ಭಾನುವಾರ ಮ್ಯಾಚು ಆಡಿದೆ. ಎಷ್ಟು ರನ್ ಹೊಡೆದೆನೋ ನೆನಪಿಲ್ಲ. ಮುಂದಿನ ವರ್ಷ ಅವಳಿಗೆ ಬೈರಕೂರಿಗೆ ಮದುವೆಯಾಯಿತು, ಆಟ ಅಲ್ಲಿಗೆ ನಿಂತಿತು. ಅವಳಿಗೆ ಆಗಲೇ ಗೊತ್ತಿತ್ತಾ? ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಅವಳ ಕಾರ್ಡಿಗೆ ನಾನೂ ಒಂದು ಕಾರ್ಡು ಬರೆದು ಸುಮ್ಮನಾಗಬಹುದಿತ್ತು. ಆದರೆ ಸುಳ್ಳನ್ನು ಪೇಪರಿನಲ್ಲಿ ಬರೆದು, ನಿಜವನ್ನು ಕಾರ್ಡಿನಲ್ಲಿ ಬರೆದರೆ ಸರಿಹೋಗುತ್ತಾ? ನಾಚಿಕೆಯಾಗುತ್ತಿದೆ. ಆಗಲಿ. ಆಟ ನಿನ್ನದು ರತ್ನಕ್ಕ, ಹಾರವೂ ನಿನ್ನದು. ಅವತ್ತು ನಾಲ್ಕೂ ಬೋರಲು ಬಿದ್ದಾಗ ಹೇಳಬೇಕಿದ್ದದ್ದು ಕಾರಿನ ಬಣ್ಣ ಅಲ್ಲ.

ಆ ಪಿಕ್ಚರ್ ಇನ್ನೂ ಎರಡು ವಾರ ಓಡಿತು.